ನಾಲ್ಕೂವರೆ ಕಿಲೋದ ಏರುದಾರಿ

2017ರ ಮಾರ್ಚ್ 19, ಭಾನುವಾರ ಬೆಳಿಗ್ಗೆ. ಅಡುಗೆಮನೆಯಲ್ಲಿ ದೋಸೆ ಕಾವಲಿ ಕಾದಿತ್ತು, ನಾನು ಕಂಪ್ಯೂಟರ್ ಮುಂದಿಂದ ಏಳಲಾರದೆ ಕೂತಿದ್ದೆ. ನ್ಯೂಯಾರ್ಕಿನಲ್ಲಿ ಆಗಿನ್ನೂ ಶನಿವಾರ ರಾತ್ರಿ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ರಿಂಗಿನಲ್ಲಿ ನಿಕರಾಗುವಾದ ರೋಮನ್ ಗೊನ್ಸಾಲೆಸ್, ಎದುರಿಗೆ ಥಾಯ್ಲೆಂಡಿನ ಶ್ರೀಸಕೇತ್ ಸೋರ್ ರುಂಗ್ವಿಸಾಯಿ. ಗೊನ್ಸಾಲೆಸ್ ಅಲ್ಲಿಯವರೆಗೆ 46 ಬಾರಿ ರಿಂಗಿಗೆ ಇಳಿದಿದ್ದ, 46 ಬಾರಿಯೂ ಗೆದ್ದು ಹೊರಬಂದಿದ್ದ. ಮೊದಲ ಸುತ್ತು ಮುಗಿಯುವ ಮುಂಚೆಯೇ ಶ್ರೀಸಕೇತ್‌ನ ಒಂದು ಗುದ್ದು ಪಕ್ಕೆಗೆ ಬಿತ್ತು. ಗೊನ್ಸಾಲೆಸ್ ಕುಸಿದ. ಎದ್ದ. ಮೂರನೇ ಸುತ್ತಿನಲ್ಲಿ ತಲೆಗೆ ತಲೆ ಬಡಿದು ಅವನ ಹುಬ್ಬಿನ ಹತ್ತಿರ ಚರ್ಮ ಸೀಳಿತು. ಅಲ್ಲಿಂದಾಚೆಗೆ ಕೊನೆಯ ಗಂಟೆಯವರೆಗೂ ಆ ಮುಖದಲ್ಲಿ ರಕ್ತ ನಿಲ್ಲಲೇ ಇಲ್ಲ. ತಲೆ ಬಡಿಯುವುದು ಮುಂದುವರಿದಾಗ ಆರನೇ ಸುತ್ತಿನಲ್ಲಿ ರೆಫರಿ ಶ್ರೀಸಕೇತ್‌ನ ಒಂದು ಅಂಕ ಕಳೆದರು.

ಹನ್ನೆರಡು ಸುತ್ತು ಮುಗಿದಾಗ ಲೆಕ್ಕ ಇಟ್ಟವರು ಹೇಳಿದ್ದು ಹೀಗೆ: ಗೊನ್ಸಾಲೆಸ್‌ನ 441 ಗುದ್ದು ತಾಕಿವೆ, ಶ್ರೀಸಕೇತ್‌ನವು 284. ಆದರೆ ತೀರ್ಪುಗಾರರಲ್ಲಿ ಇಬ್ಬರು 114-112 ಎಂದು ಶ್ರೀಸಕೇತ್‌ಗೆ ಕೊಟ್ಟರು, ಮೂರನೆಯವರು 113-113 ಎಂದು ಸಮ ಮಾಡಿದರು. ಸಭಾಂಗಣ ಕೂಗಾಡಿತು. ತೀರ್ಪು ಅನ್ಯಾಯ ಎಂದವರೇ ಹೆಚ್ಚು. ನನಗೂ ಆವತ್ತು ಹಾಗೇ ಅನ್ನಿಸಿತ್ತು. ಆದರೆ ಆ ಪಂದ್ಯವನ್ನು ಮತ್ತೆ ಮತ್ತೆ ನೋಡಿದಂತೆ ಬೇರೊಂದು ಸಂಗತಿ ಕಣ್ಣಿಗೆ ಬೀಳತೊಡಗಿತು. ಗೊನ್ಸಾಲೆಸ್ ಮೂರು ನಾಲ್ಕು ಗುದ್ದು ಕೊಟ್ಟರೆ ಶ್ರೀಸಕೇತ್ ಕದಲುತ್ತಿರಲಿಲ್ಲ. ಶ್ರೀಸಕೇತ್ ಒಂದು ಕೊಟ್ಟರೆ ಗೊನ್ಸಾಲೆಸ್‌ನ ಇಡೀ ಮೈ ಹಿಂದಕ್ಕೆ ಹೋಗುತ್ತಿತ್ತು. ಎತ್ತರದಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಹಿಂದಿನ ದಿನ ತೂಕ ಮಾಡಿಸಿದಾಗಲೂ ಒಂದೇ ಮಿತಿ, 52.2 ಕಿಲೋ. ವ್ಯತ್ಯಾಸ ಇದ್ದದ್ದು ಆ ತೂಕಕ್ಕೆ ಅವರು ಎಲ್ಲಿಂದ ಬಂದರು ಎಂಬುದರಲ್ಲಿ. ಗೊನ್ಸಾಲೆಸ್ 47.6 ಕಿಲೋದ ಹುಡುಗನಾಗಿ ಮೊದಲ ಪಟ್ಟ ಗೆದ್ದವನು.

ನಾಲ್ಕೂವರೆ ಕಿಲೋಗೆ ಇಷ್ಟೆಲ್ಲ ಮಾತೇ ಎನ್ನಬಹುದು. ದೀಪಾವಳಿ ಮುಗಿಯುವಷ್ಟರಲ್ಲಿ ನಮ್ಮಲ್ಲಿ ಅನೇಕರು ಅದರ ಅರ್ಧದಷ್ಟನ್ನು ಸಲೀಸಾಗಿ ಏರಿಸಿಕೊಂಡಿರುತ್ತೇವೆ. ಆದರೆ 47.6 ಕಿಲೋದವನಿಗೆ ಅದು ದೇಹದ ಸುಮಾರು ಹತ್ತನೇ ಒಂದು ಪಾಲು. 85 ಕಿಲೋದ ಗಂಡಸಿನ ಲೆಕ್ಕಕ್ಕೆ ತಂದರೆ ಎಂಟು ಕಿಲೋ ಮೀರುತ್ತದೆ. ಅದಕ್ಕೇ ಬಾಕ್ಸಿಂಗ್‌ನ ಹಗುರ ವಿಭಾಗಗಳು ಇಕ್ಕಟ್ಟಾದ ಮೆಟ್ಟಿಲುಗಳ ಹಾಗೆ ಒತ್ತೊತ್ತಾಗಿವೆ: 47.6, 49, 50.8, 52.2, 53.5, 55.3, 57.2. ಹತ್ತು ಕಿಲೋ ಅಂತರದೊಳಗೆ ಏಳು ವಿಭಾಗ. ಮಿನಿಮಮ್‌ವೇಟ್, ಲೈಟ್ ಫ್ಲೈವೇಟ್, ಫ್ಲೈವೇಟ್, ಸೂಪರ್ ಫ್ಲೈವೇಟ್, ಬ್ಯಾಂಟಮ್‌ವೇಟ್, ಸೂಪರ್ ಬ್ಯಾಂಟಮ್‌ವೇಟ್, ಫೆದರ್‌ವೇಟ್. ನೊಣ, ಗಿಡ್ಡ ಹುಂಜ, ಹಕ್ಕಿಯ ಗರಿ, ಹೀಗೆ ಹಗುರ ಜೀವಗಳ, ಹಗುರ ವಸ್ತುಗಳ ಹೆಸರುಗಳು. ಅದೇ ಮೇಲುಗಡೆಗೆ ಹೋದರೆ 79.4 ಕಿಲೋ ಆದಮೇಲೆ ಮುಂದಿನ ಮೆಟ್ಟಿಲು ಇರುವುದೇ 90.7ರಲ್ಲಿ. ಅಲ್ಲಿ ಒಂದು ಹೆಜ್ಜೆಗೆ ಹನ್ನೊಂದು ಕಿಲೋ. ಇಲ್ಲಿ ಒಂದು ಹೆಜ್ಜೆಗೆ ಒಂದೂವರೆ ಕಿಲೋ, ಅದೂ ಪ್ರಾಣ ಹಿಂಡುವ ಒಂದೂವರೆ ಕಿಲೋ.

ಗ್ರಾಂ ಲೆಕ್ಕ ಏನೆಂಬುದನ್ನು ಭಾರತೀಯರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕಿಲೋ ಕುಸ್ತಿಯ ಫೈನಲ್ ದಿನ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಗಿದರು. ಇಡೀ ದೇಶ ಅವತ್ತು ಆ ನೂರು ಗ್ರಾಂ ಬಗ್ಗೆಯೇ ಮಾತಾಡಿತು. ಅದಕ್ಕೂ ಮುಂಚೆ ಬಾಕ್ಸರ್ ಮೇರಿ ಕೋಮ್ ಅವರದ್ದು ಇದರ ತಿರುವುಮುರುವು ಸಂಕಟ. 45ರಿಂದ 48 ಕಿಲೋ ನಡುವಿನ ವಿಭಾಗಗಳಲ್ಲಿ ಐದು ಸಲ ವಿಶ್ವ ಚಾಂಪಿಯನ್ ಆದ ಅವರಿಗೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಬೇಕೆಂದರೆ 51 ಕಿಲೋಗೆ ಏರಲೇಬೇಕಿತ್ತು, ಯಾಕೆಂದರೆ ಮಹಿಳೆಯರಿಗೆ ಅಲ್ಲಿದ್ದ ಅತ್ಯಂತ ಹಗುರ ವಿಭಾಗವೇ ಅದು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ನಿಕೋಲಾ ಆಡಮ್ಸ್ ಎದುರು ಸೋತು ಕಂಚು ತಂದರು. ಆ ಕಂಚಿನ ಹಿಂದೆ ಆ ಕಿಲೋಗಳ ಭಾರವೂ ಇತ್ತು ಎಂಬುದನ್ನು ನಾವು ಆಗ ಸಾಕಷ್ಟು ಹೇಳಲಿಲ್ಲ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ ತೂಕ ಮಾಡಿಸುವುದು ಪಂದ್ಯದ ಹಿಂದಿನ ದಿನ. ಅದಕ್ಕೆ ಮುಂಚಿನ ವಾರ ಉಪ್ಪು ಬಿಡುತ್ತಾರೆ, ನೀರು ಕಡಿಮೆ ಮಾಡುತ್ತಾರೆ, ಪ್ಲಾಸ್ಟಿಕ್ ಅಂಗಿ ತೊಟ್ಟು ಓಡಿ ಬೆವರು ಹರಿಸುತ್ತಾರೆ, ಬಿಸಿನೀರ ತೊಟ್ಟಿಯಲ್ಲಿ ಕೂರುತ್ತಾರೆ, ಕೊನೆಗೆ ಬಾಯೊಳಗಿನ ಎಂಜಲನ್ನೂ ಉಗುಳಿ ಗ್ರಾಂ ಇಳಿಸುತ್ತಾರೆ. ತಕ್ಕಡಿಯಿಂದ ಇಳಿದ ಕೂಡಲೇ ಬಾಟಲಿ ಬಾಯಿಗೆ. ಮಾರನೇ ರಾತ್ರಿ ರಿಂಗಿಗೆ ಬರುವಾಗ ಕೆಲವರು ಹಲವು ಕಿಲೋ ಮೇಲಿರುತ್ತಾರೆ. ದೊಡ್ಡ ಮೈಯವರಿಗೆ ಇಳಿಸಲಿಕ್ಕೆ ನೀರಾದರೂ ಉಂಟು. ಐವತ್ತು ಕಿಲೋ ಆಸುಪಾಸಿನವನಲ್ಲಿ ಇಳಿಸಲು ಇರುವುದೇ ಸ್ವಲ್ಪ. ನೀರು ಬತ್ತಿದ ಮೈಯಲ್ಲಿ ತಲೆಗೆ ಪೆಟ್ಟು ತಿನ್ನುವುದು ಎಷ್ಟು ಅಪಾಯ ಎಂದು ವೈದ್ಯರು ಹೇಳುತ್ತಲೇ ಇದ್ದಾರೆ.

ಸಣ್ಣ ಮೈಯವನ ವೃತ್ತಿಗೆ ಹೀಗಾಗಿ ಎರಡೇ ದಾರಿ. ಒಂದು, ಮೈ ತಾನೇ ಬೆಳೆದು ಮೇಲೆ ಹೋಗುವುದು. ಫಿಲಿಪ್ಪೀನ್ಸ್‌ನ ಮ್ಯಾನಿ ಪಾಕಿಯಾವೊ ಇದಕ್ಕೆ ಹೆಸರಾದವನು. 1995ರಲ್ಲಿ ಹದಿನಾರರ ಹುಡುಗನಾಗಿ ವೃತ್ತಿಪರನಾದಾಗ ಅವನ ತೂಕ 48 ಕಿಲೋ ಆಸುಪಾಸು. 1998ರಲ್ಲಿ ಫ್ಲೈವೇಟ್ ವಿಶ್ವ ಪಟ್ಟ. ಮರುವರ್ಷ ಥಾಯ್ಲೆಂಡಿನಲ್ಲಿ ತಕ್ಕಡಿ ಅವನನ್ನು ಒಪ್ಪಲಿಲ್ಲ. ಮಿತಿಗಿಂತ ಹೆಚ್ಚು ತೂಗಿ ಪಟ್ಟ ಕಳಕೊಂಡ, ಒಣಗಿ ಹೋದ ಮೈಯಲ್ಲಿ ಮೂರನೇ ಸುತ್ತಿಗೇ ನಾಕೌಟ್ ಆದ. ಎರಡು ವರ್ಷದೊಳಗೆ 55.3 ಕಿಲೋದಲ್ಲಿ ಮತ್ತೆ ಚಾಂಪಿಯನ್. ಅವನ ವಯಸ್ಸು ಅಂಥದ್ದು, ಮೈ ಇನ್ನೂ ತುಂಬಿಕೊಳ್ಳುತ್ತಿತ್ತು. ಕೊನೆಗೆ ಎಂಟು ವಿಭಾಗಗಳಲ್ಲಿ ಪಟ್ಟ ಗೆದ್ದ. ಜಪಾನಿನ ನಓಯಾ ಇನೊಯೆಯದೂ ಅದೇ ದಾರಿ. 2014ರ ಏಪ್ರಿಲ್‌ನಲ್ಲಿ ಆರನೇ ವೃತ್ತಿಪರ ಪಂದ್ಯಕ್ಕೇ 49 ಕಿಲೋದಲ್ಲಿ ಚಾಂಪಿಯನ್ ಆದ; ತೂಕ ಇಳಿಸಿ ಇಳಿಸಿ ಆ ಪಂದ್ಯದಲ್ಲಿ ಕಾಲು ಸೆಟೆದುಕೊಂಡಿತ್ತು. ಅದೇ ಡಿಸೆಂಬರ್‌ನಲ್ಲಿ ಒಂದು ವಿಭಾಗ ಹಾರಿ 52.2ಕ್ಕೆ ಹೋಗಿ ಎರಡೇ ಸುತ್ತಿನಲ್ಲಿ ಪಟ್ಟ ಕಿತ್ತುಕೊಂಡ. 2022ರಲ್ಲಿ ಬ್ಯಾಂಟಮ್‌ವೇಟ್‌ನ ನಾಲ್ಕೂ ಬೆಲ್ಟ್, 2023ರ ಡಿಸೆಂಬರ್ 26ರಂದು ಸೂಪರ್ ಬ್ಯಾಂಟಮ್‌ನ ನಾಲ್ಕೂ ಬೆಲ್ಟ್ ಅವನ ಸೊಂಟಕ್ಕೆ ಬಂದವು. ಪ್ರತಿ ಮೆಟ್ಟಿಲಿಗೂ ಅವನ ಗುದ್ದು ಗಟ್ಟಿಯಾಗುತ್ತ ಹೋಯಿತು.

ಇನ್ನೊಂದು ದಾರಿ ಗೊನ್ಸಾಲೆಸ್‌ನದು. ಮೈ ಬೆಳೆಯದು, ದುಡಿಮೆ, ಹೆಸರು, ಎದುರಾಳಿ ಎಲ್ಲವೂ ಮೇಲಿನ ಮೆಟ್ಟಿಲಲ್ಲಿವೆ. ಹತ್ತಲೇಬೇಕು.

1987ರಲ್ಲಿ ಮನಾಗುವಾ ನಗರದಲ್ಲಿ ಹುಟ್ಟಿದ ಅವನನ್ನು ಎಲ್ಲರೂ ಕರೆಯುವುದು 'ಚೊಕೊಲಾಟೀಟೊ' ಎಂದು, ಅಂದರೆ ಪುಟ್ಟ ಚಾಕೊಲೇಟು. ಅವನನ್ನು ತಿದ್ದಿದ ಗುರು ಅಲೆಕ್ಸಿಸ್ ಅರ್ಗುಯೆಯೊ. ನಿಕರಾಗುವಾದಲ್ಲಿ ಆ ಹೆಸರಿನ ತೂಕವೇ ಬೇರೆ. 1970, 80ರ ದಶಕಗಳಲ್ಲಿ ಮೂರು ವಿಭಾಗಗಳಲ್ಲಿ ವಿಶ್ವ ಚಾಂಪಿಯನ್ ಆದವರು ಅವರು. ನಾಲ್ಕನೆಯದಕ್ಕಾಗಿ 1982ರಲ್ಲಿ ಮಯಾಮಿಯಲ್ಲಿ, 1983ರಲ್ಲಿ ಲಾಸ್ ವೇಗಾಸ್‌ನಲ್ಲಿ ಆರನ್ ಪ್ರಯರ್ ಎದುರು ಎರಡು ಸಲ ನಿಂತು ಎರಡು ಸಲವೂ ಬಿದ್ದರು. ಅವರಿಗೆ ಆ ನಾಲ್ಕನೆಯದು ಕೈಗೆ ಸಿಗಲೇ ಇಲ್ಲ. 2008ರ ನವೆಂಬರ್‌ನಲ್ಲಿ ಮನಾಗುವಾದ ಮೇಯರ್ ಆಗಿ ಆಯ್ಕೆಯಾದರು. 2009ರ ಜುಲೈ 1ರಂದು ತೀರಿಕೊಂಡರು. ಶಿಷ್ಯನಿಗೆ ಆಗ 22 ವರ್ಷ. 2008ರ ಸೆಪ್ಟೆಂಬರ್‌ನಲ್ಲಿ ಯೊಕೊಹಾಮಾದಲ್ಲಿ ಯುಟಾಕಾ ನೀದಾನನ್ನು ನಾಲ್ಕನೇ ಸುತ್ತಿನಲ್ಲಿ ನಿಲ್ಲಿಸಿ ಮಿನಿಮಮ್‌ವೇಟ್ ಪಟ್ಟ ಗೆದ್ದಿದ್ದ. ಗುರು ಕಣ್ಣಾರೆ ಕಂಡದ್ದು ಆ ಮೊದಲ ಮೆಟ್ಟಿಲನ್ನು ಮಾತ್ರ.

ಮೊದಲ ಪಟ್ಟ ಜಪಾನಿನಲ್ಲಿ ಗೆದ್ದದ್ದು ಆಕಸ್ಮಿಕವೇನಲ್ಲ. ಹಗುರ ಮೈಯವರನ್ನು ಕಣ್ಣಿಗೊತ್ತಿಕೊಳ್ಳುವ ಊರುಗಳೆಂದರೆ ಟೋಕಿಯೊ, ಒಸಾಕಾ, ಬ್ಯಾಂಕಾಕ್, ಮನಿಲಾ, ಮೆಕ್ಸಿಕೊ ಸಿಟಿ. ಅಮೆರಿಕದ ದೊಡ್ಡ ಟೀವಿ ಕಂಪನಿಗಳಿಗೆ ಇವರು ಬಹುಕಾಲ ಕಣ್ಣಿಗೇ ಬೀಳಲಿಲ್ಲ. 49 ಕಿಲೋ ವಿಭಾಗದಲ್ಲಿ ಒಬ್ಬನಿಗೆ ಒಂದು ಪಂದ್ಯಕ್ಕೆ ಮೊತ್ತಮೊದಲು ಹತ್ತು ಲಕ್ಷ ಡಾಲರ್ ಸಿಕ್ಕಿದ್ದು 1990ರ ದಶಕದಲ್ಲಿ, ಅರಿಜೋನಾದ ಮೈಕಲ್ ಕಾರ್ಬಹಾಲ್‌ಗೆ. 2015ರಲ್ಲಿ ಪಾಕಿಯಾವೊ ಎದುರು ಒಂದೇ ರಾತ್ರಿಗೆ ಫ್ಲಾಯ್ಡ್ ಮೇವೆದರ್ ಗಳಿಸಿದ್ದು 20 ಕೋಟಿ ಡಾಲರ್‌ಗೂ ಹೆಚ್ಚು. ಅದೇ ವರ್ಷ ಮೇವೆದರ್ ನಿವೃತ್ತಿ ಘೋಷಿಸಿದಾಗ 'ದಿ ರಿಂಗ್' ಪತ್ರಿಕೆ, ತೂಕದ ಲೆಕ್ಕ ಬದಿಗಿಟ್ಟು ಜಗತ್ತಿನ ಅತ್ಯುತ್ತಮ ಬಾಕ್ಸರ್ ಯಾರು ಎಂಬ ಪಟ್ಟಿಯಲ್ಲಿ, ಮೊದಲ ಸ್ಥಾನಕ್ಕೆ ಬರೆದುಕೊಂಡ ಹೆಸರು ರೋಮನ್ ಗೊನ್ಸಾಲೆಸ್. ಮೇವೆದರ್ ಬಿಟ್ಟುಹೋದ ಜಾಗಕ್ಕೆ ಬಂದವನಿಗೆ ಅವನ ಗಳಿಕೆಯ ಹತ್ತಿರಕ್ಕೂ ಹೋಗಲಾಗಲಿಲ್ಲ. ನನಗೆ ಈ ಆಟದಲ್ಲಿ ತುಂಬ ನೋಯಿಸುವ ಸಂಗತಿ ಇದೇ. ಕಲೆ ಎಲ್ಲರಿಗೂ ಕಾಣುತ್ತದೆ, ದುಡ್ಡು ಮಾತ್ರ ಮೈ ಅಳತೆ ನೋಡಿ ಬರುತ್ತದೆ.

ಆ ಕಲೆ ಏನೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಣ್ಣ ಮೈಯವರು ಎಂದರೆ ಓಡಾಡಿಕೊಂಡು, ತಪ್ಪಿಸಿಕೊಂಡು ಆಡುವವರು ಎಂಬ ಎಣಿಕೆ ಅನೇಕರಿಗಿದೆ. ಗೊನ್ಸಾಲೆಸ್ ಹಿಂದೆ ಸರಿಯುವವನೇ ಅಲ್ಲ. ಎದುರಾಳಿಯ ಉಸಿರು ತಾಕುವಷ್ಟು ಹತ್ತಿರ ಹೋಗಿ ನಿಲ್ಲುತ್ತಾನೆ. ಮೊಣಕೈ ಪಕ್ಕೆಗೆ ಅಂಟಿರುತ್ತದೆ, ಗದ್ದ ಕೆಳಗಿರುತ್ತದೆ. ಎಡಗೈ ಪಕ್ಕೆಗೆ, ಅದೇ ಕೈ ಮತ್ತೆ ದವಡೆಗೆ, ಬಲಗೈ ನೇರಕ್ಕೆ, ಕೆಳಗಿನಿಂದ ಎತ್ತಿ ಇನ್ನೊಂದು. ನಾಲ್ಕನೆಯದು ತಾಕುವ ಹೊತ್ತಿಗೆ ಅವನ ಪಾದ ಅರ್ಧ ಹೆಜ್ಜೆ ಬದಿಗೆ ಜರುಗಿರುತ್ತದೆ. ಎದುರಾಳಿ ಉತ್ತರ ಕೊಡಲು ತಿರುಗುವಾಗ ಗೊನ್ಸಾಲೆಸ್ ಮೊದಲಿದ್ದ ಕಡೆ ಇರುವುದಿಲ್ಲ, ಆದರೆ ದೂರವೂ ಹೋಗಿರುವುದಿಲ್ಲ. ಅಲ್ಲಿಂದಲೇ ಮತ್ತೆ ಶುರು. ಒಳ್ಳೆಯ ಮದ್ದಳೆಗಾರನ ಬೆರಳು ನೋಡುವಾಗ ಯಾವ ಪೆಟ್ಟು ಎಲ್ಲಿ ಮುಗಿದು ಯಾವುದು ಎಲ್ಲಿ ಮೊದಲಾಯಿತು ಎಂದು ಹೇಳಲಾಗದಲ್ಲ, ಹಾಗೆ. 2014ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ಫ್ಲೈವೇಟ್ ಚಾಂಪಿಯನ್ ಅಕಿರಾ ಯಾಯೆಗಾಶಿ ಎದೆಗೊಟ್ಟು ನಿಂತು ಸೆಣಸಿದ, ಬಿದ್ದ, ಎದ್ದು ಮತ್ತೆ ಸೆಣಸಿದ. ಒಂಬತ್ತನೇ ಸುತ್ತಿನಲ್ಲಿ ಪಂದ್ಯ ನಿಂತಿತು. ಗೊನ್ಸಾಲೆಸ್‌ಗೆ ಅದು ಮೂರನೇ ವಿಭಾಗದ ಪಟ್ಟ. ಗುರುವಿನ ಲೆಕ್ಕಕ್ಕೆ ಸಮ.

ನಾಲ್ಕನೆಯದು 2016ರ ಸೆಪ್ಟೆಂಬರ್ 10ರಂದು, ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ನಲ್ಲಿ. ಎದುರಾಳಿ ಮೆಕ್ಸಿಕೊದ ಕಾರ್ಲೋಸ್ ಕ್ವಾದ್ರಾಸ್, ಅಲ್ಲಿಯವರೆಗೆ ಸೋತಿರದ ಸೂಪರ್ ಫ್ಲೈವೇಟ್ ಚಾಂಪಿಯನ್. ಗೊನ್ಸಾಲೆಸ್ ಮೂವರೂ ತೀರ್ಪುಗಾರರ ಕಾರ್ಡಿನಲ್ಲಿ ಗೆದ್ದ. ನಾಲ್ಕು ವಿಭಾಗಗಳ ಮೊದಲ ನಿಕರಾಗುವಾ ಚಾಂಪಿಯನ್ ಅವನು. ಆದರೆ ಆ ರಾತ್ರಿಯ ಅವನ ಮುಖ ನೋಡಿದವರಿಗೆ ಗೊತ್ತು, ಗೆದ್ದವನ ಮುಖ ಹಾಗಿರುವುದಿಲ್ಲ. ಕಣ್ಣು ಊದಿ ಮುಚ್ಚಿತ್ತು, ಕೆನ್ನೆ ಬಾತಿತ್ತು. ಕೆಳಗಿನ ವಿಭಾಗಗಳಲ್ಲಿ ಅವನ ಗುದ್ದಿಗೆ ಎದುರಾಳಿಗಳು ಹಿಂದೆ ಸರಿಯುತ್ತಿದ್ದರು, ಹಾಗಾಗಿ ಅವರ ಉತ್ತರ ಅರೆಬರೆ ಬರುತ್ತಿತ್ತು. ಇಲ್ಲಿ ಯಾರೂ ಸರಿಯಲಿಲ್ಲ. ಎರಡು ತಿಂಗಳಲ್ಲಿ, ನವೆಂಬರ್‌ನಲ್ಲಿ, ಅವನ ತರಬೇತುದಾರ ಅರ್ನುಲ್ಫೊ ಒಬಾಂಡೊ ಪಾರ್ಶ್ವವಾಯು ಬಡಿದು ತೀರಿಕೊಂಡರು. ನ್ಯೂಯಾರ್ಕಿನ ಆ ಮಾರ್ಚ್ ರಾತ್ರಿ ಅವನ ಮೂಲೆಯಲ್ಲಿ ಅವರಿರಲಿಲ್ಲ.

ಶ್ರೀಸಕೇತ್‌ನನ್ನು ಈ ಕಥೆಯ ಖಳ ಮಾಡುವುದು ಅನ್ಯಾಯ. ಅದು ಅವನ ನಿಜವಾದ ಹೆಸರೂ ಅಲ್ಲ. ಊರಿನ ಪ್ರಾಂತ್ಯದ ಹೆಸರನ್ನೂ ತನ್ನನ್ನು ಸಾಕಿದ ಶಿಬಿರದ ಹೆಸರನ್ನೂ ಇಟ್ಟುಕೊಳ್ಳುವುದು ಥಾಯ್ ಬಾಕ್ಸರುಗಳ ಪದ್ಧತಿ. ಬ್ಯಾಂಕಾಕ್‌ನಲ್ಲಿ ಕಸ ಎತ್ತುವ ಕೆಲಸ ಮಾಡಿ ಹೊಟ್ಟೆ ಹೊರೆದವನು. ವೃತ್ತಿಯ ಮೊದಲ ಐದು ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಅವನಿಗೂ ಈ 52.2 ಕಿಲೋ ಬಿಟ್ಟರೆ ಬೇರೆ ಲೋಕ ಇರಲಿಲ್ಲ. 2017ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾದ ಕಾರ್ಸನ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು. ಅಮೆರಿಕದ ದೊಡ್ಡ ಟೀವಿಯೊಂದು ಮುಖ್ಯ ಪಂದ್ಯಗಳನ್ನೆಲ್ಲ ಇದೇ ಸೂಪರ್ ಫ್ಲೈವೇಟ್‌ನವರಿಗೆ ಬಿಟ್ಟುಕೊಟ್ಟ ಅಪರೂಪದ ರಾತ್ರಿ ಅದು. ಇನೊಯೆ ಅಮೆರಿಕದಲ್ಲಿ ಮೊದಲ ಸಲ ಆಡಿದ್ದು ಅಲ್ಲೇ, ಮೆಕ್ಸಿಕೊದ ಹುವಾನ್ ಫ್ರಾನ್ಸಿಸ್ಕೊ ಎಸ್ಟ್ರಾಡಾ ಕ್ವಾದ್ರಾಸ್‌ನನ್ನು ಸೋಲಿಸಿದ್ದೂ ಅಲ್ಲೇ. ನಾಲ್ಕನೇ ಸುತ್ತಿನಲ್ಲಿ ಗೊನ್ಸಾಲೆಸ್ ಎರಡು ಸಲ ಬಿದ್ದ. ಎರಡನೇ ಸಲ ಬೆನ್ನ ಮೇಲೆ ಚಾಚಿ ಮಲಗಿದವನನ್ನು ಕಂಡು ರೆಫರಿ ಎಣಿಸಲೂ ಇಲ್ಲ. ನಾನು ಕಂಪ್ಯೂಟರ್ ಮುಚ್ಚಿ ಎದ್ದುಬಿಟ್ಟೆ. ಬೆಳೆಯದ ಮೈ ತಡೆದುಕೊಳ್ಳುವುದು ಇಷ್ಟೇ, ಇನ್ನು ಅವನು ಈ ಮೆಟ್ಟಿಲು ಹತ್ತಬಾರದು ಎಂದುಕೊಂಡೆ. ಬರೆದವರೂ ಹಾಗೇ ಬರೆದರು.

ಅವನಿಗೆ ಇಳಿಯುವ ದಾರಿ ಇರಲಿಲ್ಲ. ಮೂವತ್ತು ದಾಟಿದ ಮೈಯನ್ನು ಮತ್ತೆ 50.8ಕ್ಕೆ ಹಿಂಡಿ ಇಳಿಸುವುದು ಇನ್ನೂ ಕಷ್ಟ. ಮಂಡಿಯ ಶಸ್ತ್ರಚಿಕಿತ್ಸೆಯಾಯಿತು, ಇಡೀ ಎರಡು ವರ್ಷದಲ್ಲಿ ಆಡಿದ್ದು ಎರಡು ಪಂದ್ಯ. 2020ರ ಫೆಬ್ರುವರಿ 29ರಂದು ಟೆಕ್ಸಾಸ್‌ನ ಫ್ರಿಸ್ಕೊದಲ್ಲಿ ಬ್ರಿಟನ್ನಿನ ಖಾಲಿದ್ ಯಾಫೈ ಎದುರು ನಿಂತಾಗ ಅವನಿಗೆ 32. ಯಾಫೈ ಅದುವರೆಗೆ ಸೋತವನಲ್ಲ, ಮೈಕಟ್ಟಿನಲ್ಲೂ ಹಿರಿಯ. ಆ ರಾತ್ರಿ ನಾನು ಕಂಡದ್ದನ್ನು ಹೇಳುವುದಾದರೆ, ಗೊನ್ಸಾಲೆಸ್ ಗುದ್ದಿನ ಬಲವನ್ನು ನಂಬುವುದನ್ನು ಬಿಟ್ಟಿದ್ದ. ಹಣೆಯನ್ನು ಯಾಫೈಯ ಎದೆಗೆ ಒತ್ತಿ, ಅವನ ತೋಳಿಗೆ ಬೀಸಲು ಜಾಗವನ್ನೇ ಕೊಡದೆ, ಪಕ್ಕೆಯನ್ನು ಒಂದೇ ಸಮನೆ ಕುಟ್ಟುತ್ತ ಹೋದ. ದೊಡ್ಡವನ ಉಸಿರು ಸುತ್ತಿನಿಂದ ಸುತ್ತಿಗೆ ಕಡಿಮೆಯಾಯಿತು. ಒಂಬತ್ತನೇ ಸುತ್ತಿನಲ್ಲಿ ಒಂದು ಬಲಗೈ, ಯಾಫೈ ಏಳಲಿಲ್ಲ. ಅದೇ 52.2 ಕಿಲೋದಲ್ಲಿ, ತನ್ನನ್ನು ಮಲಗಿಸಿದ ತೂಕದಲ್ಲಿ, ಗೊನ್ಸಾಲೆಸ್ ಮತ್ತೆ ಚಾಂಪಿಯನ್ ಆದ.

ಮರುವರ್ಷ ಮಾರ್ಚ್ 13ರಂದು ಡಲ್ಲಾಸ್‌ನಲ್ಲಿ ಎಸ್ಟ್ರಾಡಾ. ಇಬ್ಬರೂ 2012ರಲ್ಲಿ 49 ಕಿಲೋದವರಾಗಿ ಲಾಸ್ ಏಂಜಲಿಸ್‌ನಲ್ಲಿ ಒಮ್ಮೆ ಸೆಣಸಿದ್ದರು, ಆಗ ಗೆದ್ದವನು ಗೊನ್ಸಾಲೆಸ್. ಹಗುರ ಮೈಯವರ ಆಟ ಯಾಕೆ ನೋಡಬೇಕು ಎಂದು ಕೇಳುವವರಿಗೆ ನಾನು ಈ ಎರಡನೇ ಪಂದ್ಯವನ್ನೇ ತೋರಿಸುತ್ತೇನೆ. ಹನ್ನೆರಡು ಸುತ್ತಿನಲ್ಲಿ ಗೊನ್ಸಾಲೆಸ್ ಬೀಸಿದ್ದು 1,317 ಗುದ್ದು, ಎಸ್ಟ್ರಾಡಾ 1,212. ಒಟ್ಟು 2,529, ಆ ವಿಭಾಗದ ದಾಖಲೆ. ಗೊನ್ಸಾಲೆಸ್‌ನ ಪಾಲನ್ನು ಮಾತ್ರ ತೆಗೆದುಕೊಂಡರೂ ಮೂರು ನಿಮಿಷದ ಸುತ್ತಿಗೆ ಸುಮಾರು 110. ಎರಡು ಸೆಕೆಂಡು ತುಂಬುವ ಮೊದಲೇ ಒಂದು, ಮೂವತ್ತಾರು ನಿಮಿಷ ಬಿಡದೆ. ಭಾರದ ವಿಭಾಗಗಳಲ್ಲಿ ಇದರ ಅರ್ಧ ಕಂಡರೂ ಜನ ಎದ್ದು ನಿಲ್ಲುತ್ತಾರೆ. ದೊಡ್ಡ ಮೈಯನ್ನು ಹೊತ್ತುಕೊಂಡು ಇಷ್ಟು ಹೊತ್ತು ಈ ವೇಗ ಉಳಿಸಿಕೊಳ್ಳುವುದು ಆಗದ ಮಾತು.

ಒಬ್ಬ ತೀರ್ಪುಗಾರರು 115-113 ಎಂದು ಗೊನ್ಸಾಲೆಸ್‌ಗೆ ಕೊಟ್ಟರು. ಇನ್ನೊಬ್ಬರು ಅದೇ ಅಂಕದಲ್ಲಿ ಎಸ್ಟ್ರಾಡಾಗೆ. ಮೂರನೆಯವರ ಕಾರ್ಡು 117-111, ಎಸ್ಟ್ರಾಡಾಗೆ. 2,529 ಗುದ್ದುಗಳ ಪಂದ್ಯದಲ್ಲಿ ಹನ್ನೆರಡರ ಒಂಬತ್ತು ಸುತ್ತು ಒಬ್ಬನದೇ ಎಂದ ಆ ಕಾರ್ಡನ್ನು ನನಗೆ ಇಂದಿಗೂ ಒಪ್ಪಿಕೊಳ್ಳಲಾಗುತ್ತಿಲ್ಲ. ಮೂರನೇ ಪಂದ್ಯ 2022ರ ಡಿಸೆಂಬರ್‌ನಲ್ಲಿ, ಅರಿಜೋನಾದ ಗ್ಲೆಂಡೇಲ್‌ನಲ್ಲಿ; 35 ತುಂಬಿದ ಗೊನ್ಸಾಲೆಸ್ ಅಲ್ಲೂ ತೀರ್ಪಿನಲ್ಲೇ ಸೋತ. ಗೊನ್ಸಾಲೆಸ್, ಶ್ರೀಸಕೇತ್, ಎಸ್ಟ್ರಾಡಾ, ಕ್ವಾದ್ರಾಸ್, ಈ ನಾಲ್ವರ ಕಾಲ ಅಲ್ಲಿಗೆ ಮುಗಿಯುತ್ತ ಬಂದಿತ್ತು. ಟೆಕ್ಸಾಸ್‌ನ ಜೆಸ್ಸಿ ರೋಡ್ರಿಗೆಸ್ ಎಂಬ ಹುಡುಗ 2022ರಲ್ಲಿ ಕ್ವಾದ್ರಾಸ್ ಮತ್ತು ಶ್ರೀಸಕೇತ್ ಇಬ್ಬರನ್ನೂ, 2024ರಲ್ಲಿ ಎಸ್ಟ್ರಾಡಾನನ್ನೂ ಸೋಲಿಸಿದ. ಅವನೂ 49 ಕಿಲೋದಿಂದ ಹತ್ತಿ ಬಂದವನೇ.

ಎಸ್ಟ್ರಾಡಾ ಎದುರು ಗೊನ್ಸಾಲೆಸ್ ಕಂಡ ಆ ಎರಡು ಸೋಲುಗಳ ನಡುವೆ, 2022ರ ಮಾರ್ಚ್‌ನಲ್ಲಿ ಸ್ಯಾನ್ ಡಿಯೇಗೊದಲ್ಲಿ ನಡೆದ ಇನ್ನೊಂದು ಪಂದ್ಯವುಂಟು. ಎದುರಾಳಿ ಹೂಲಿಯೊ ಸೀಸರ್ ಮಾರ್ಟಿನೆಸ್, ಕೆಳಗಿನ ಫ್ಲೈವೇಟ್ ವಿಭಾಗದ ಚಾಂಪಿಯನ್, ಗೊನ್ಸಾಲೆಸ್‌ಗಿಂತ ಏಳೆಂಟು ವರ್ಷ ಚಿಕ್ಕವನು. ಹಿಂದಿನ ದಿನ ತಕ್ಕಡಿ ಏರಿದಾಗ ಅವನು 52.2ರ ಮಿತಿಯನ್ನೂ ದಾಟಿ ತೂಗಿದ. ಗೊನ್ಸಾಲೆಸ್ ಒಲ್ಲೆ ಎಂದು ಮನೆಗೆ ಹೋಗಬಹುದಿತ್ತು. ನಿಯಮ ಅವನ ಪರ ಇತ್ತು. ಅವನು ತನ್ನ ತೂಕ ಸರಿಯಾಗಿ ಮಾಡಿ ಇಳಿದಿದ್ದ, ಮಾರನೇ ರಾತ್ರಿ ಕೈಗವಸು ಕಟ್ಟಿಸಿಕೊಂಡು ಬಂದ. ಹನ್ನೆರಡು ಸುತ್ತೂ ಮುಂದಕ್ಕೇ ನಡೆದ, ಆ ಅರ್ಧ ಹೆಜ್ಜೆ ಬದಿಗೆ, ಎಡಗೈ ಪಕ್ಕೆಗೆ, ಅದೇ ಕೈ ದವಡೆಗೆ. ಮೂವರು ತೀರ್ಪುಗಾರರೂ ಅವನ ಹೆಸರನ್ನೇ ಬರೆದರು.